ಮನೆಯವರ ಕಾಯಿಲೆಗಳ ಚರಿತ್ರೆ ಬರೆದಿಡುವುದು ಹೇಗೆ: ಬೆಂಗಳೂರಿನ ಕುಟುಂಬಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅದಾದ ಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಎಲ್ಲರಿಗೂ ಒಂದೇ ಆತಂಕ: ನನಗೂ ಹೀಗಾದರೆ? ಆತಂಕ ಸಹಜವೇ. ಆದರೆ ಇಸಿಜಿ ಹೇಳುವುದು ಹೃದಯದ ಆ ಹೊತ್ತಿನ ಸ್ಥಿತಿಯನ್ನು ಮಾತ್ರ. ನಾರ್ಮಲ್ ಅಂತ ಬಂದವರಿಗೂ ಮುಂದೆ ತೊಂದರೆ ಬರಬಹುದು. ಯಾರು ಜಾಸ್ತಿ ಎಚ್ಚರವಾಗಿರಬೇಕು ಅನ್ನುವುದಕ್ಕೆ ಒಳ್ಳೆಯ ಸುಳಿವು ಮನೆಯವರ ಕಾಯಿಲೆಗಳ ಕಥೆಯಲ್ಲೇ ಇರುತ್ತದೆ. ಅದಕ್ಕೆ ಯಂತ್ರ ಬೇಡ, ದುಡ್ಡೂ ಬೇಡ.

ಡಾಕ್ಟರ್ ಕೇಳುತ್ತಾರೆ, "ಮನೇಲಿ ಯಾರಿಗಾದ್ರೂ ಶುಗರ್, ಬಿಪಿ, ಹಾರ್ಟ್ ತೊಂದರೆ ಇದ್ಯಾ?" ನಾವು "ಅಪ್ಪಂಗೆ ಶುಗರ್ ಇದೆ" ಅಂದು ಮುಗಿಸುತ್ತೇವೆ. ಈ ಉತ್ತರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿರುತ್ತದೆ. ಯಾರಿಗೆ ಬಂತು, ಯಾವ ವಯಸ್ಸಿಗೆ ಬಂತು, ಯಾವ ಕಡೆಯಿಂದ ಬಂತು: ಈ ಮೂರೂ ಬೇಕು. ಮೂರರಲ್ಲಿ ವಯಸ್ಸೇ ಎಲ್ಲಕ್ಕಿಂತ ಮುಖ್ಯ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ತಾತನಿಗೆ 78ಕ್ಕೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದು ಹೆಚ್ಚಾಗಿ ಮುಪ್ಪಿನ ವಿಷಯ. ಅಣ್ಣನಿಗೆ 44ಕ್ಕೆ ಆಗಿದ್ದರೆ ಅದು ನಿಮ್ಮ ವಿಷಯವೂ ಹೌದು.

ಯಾರನ್ನೆಲ್ಲ ಸೇರಿಸಬೇಕು

ನಿಮ್ಮದೂ ಸೇರಿ ಮೇಲಕ್ಕೆ ಮೂರು ತಲೆಮಾರು, ಜೊತೆಗೆ ಮಕ್ಕಳು, ಇಷ್ಟು ಸಾಕು. ನೀವು, ನಿಮ್ಮ ಒಡಹುಟ್ಟಿದವರು ಮತ್ತು ಮಕ್ಕಳು. ಅಪ್ಪ-ಅಮ್ಮ, ಅವರ ಒಡಹುಟ್ಟಿದವರು. ಎರಡೂ ಕಡೆಯ ಅಜ್ಜ-ಅಜ್ಜಿಯರು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳ ಜೊತೆ ನೀವು ಸುಮಾರು ಅರ್ಧದಷ್ಟು ಜೀನ್ ಹಂಚಿಕೊಂಡಿರುತ್ತೀರಿ. ಅಜ್ಜ-ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ ಇವರ ಜೊತೆ ಕಾಲು ಭಾಗ. ಅವರ ಮಕ್ಕಳ ಜೊತೆ ಎಂಟನೇ ಒಂದು ಭಾಗ.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ತೊಡಕಿದೆ. ಅಪ್ಪನ ಅಣ್ಣನೂ ದೊಡ್ಡಪ್ಪ, ಅಮ್ಮನ ಅಕ್ಕನ ಗಂಡನೂ ದೊಡ್ಡಪ್ಪ. ಮೊದಲನೆಯವರು ರಕ್ತಸಂಬಂಧಿ, ಎರಡನೆಯವರು ಅಲ್ಲ. ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಚಿಕ್ಕಪ್ಪನ ಮಗನನ್ನು ಪ್ರೀತಿಯಿಂದ "ನಮ್ಮಣ್ಣ" ಅನ್ನುತ್ತೇವೆ. ಡಾಕ್ಟರ್ ಮುಂದೆ "ನಮ್ಮಣ್ಣನಿಗೆ ಕ್ಯಾನ್ಸರ್ ಆಗಿತ್ತು" ಅಂದರೆ ಅವರು ಒಡಹುಟ್ಟಿದ ಅಣ್ಣ ಅಂದುಕೊಳ್ಳುತ್ತಾರೆ. ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಹಾಳೆಯಲ್ಲಿ ಬರೆಯುವಾಗ "ಅಪ್ಪನ ಒಡಹುಟ್ಟಿದ ತಮ್ಮ", "ಅಮ್ಮನ ತಂಗಿಯ ಮಗ" ಅಂತ ಬಿಡಿಸಿ ಬರೆಯಿರಿ.

ಬಿಟ್ಟುಹೋಗುವವರು ಯಾರು ಅಂತಲೂ ಯೋಚಿಸಿ. ಮದುವೆಯಾಗಿ ದೂರದ ಊರಿಗೆ ಹೋದ ಸೋದರತ್ತೆ, ಮನೆಯವರ ಜೊತೆ ಮಾತು ಬಿಟ್ಟ ಚಿಕ್ಕಪ್ಪ, ಹುಟ್ಟಿದ ಕೆಲವೇ ದಿನದಲ್ಲಿ ಹೋದ ಮಗು, ಪದೇ ಪದೇ ಆದ ಗರ್ಭಪಾತ. "ಅಜ್ಜಿ ಹೆತ್ತದ್ದು ಎಂಟು, ಉಳಿದದ್ದು ಐದು" ಅಂತ ಹೇಳುತ್ತಾರಲ್ಲ, ಉಳಿಯದ ಆ ಮೂರು ಮಕ್ಕಳ ಬಗ್ಗೆಯೂ ಬರೆಯಬೇಕು. ದತ್ತು ಬಂದವರಿದ್ದರೆ ಹಾಗೆಂದು ಗುರುತು ಹಾಕಿ.

ಹಾಳೆಯ ಮೇಲೆ ಬರೆಯುವುದು

ದೊಡ್ಡ ಡ್ರಾಯಿಂಗ್ ಹಾಳೆ, ಪೆನ್ಸಿಲ್, ರಬ್ಬರ್ ತೆಗೆದುಕೊಳ್ಳಿ. ವೈದ್ಯರು ಬಳಸುವ ಗುರುತುಗಳು ತುಂಬಾ ಸುಲಭ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಗಂಡ-ಹೆಂಡತಿಯ ನಡುವೆ ಅಡ್ಡಗೆರೆ, ಅದರಿಂದ ಕೆಳಗೆ ಮಕ್ಕಳಿಗೆ ಗೆರೆ. ತೀರಿಕೊಂಡವರ ಮೇಲೆ ಓರೆಗೆರೆ. ಕಾಯಿಲೆ ಇರುವವರ ಚೌಕ ಅಥವಾ ವೃತ್ತವನ್ನು ತುಂಬಿಸಿ. ನಿಮ್ಮ ಗುರುತಿನ ಪಕ್ಕ ಒಂದು ಬಾಣ. ಅಪ್ಪನ ಕಡೆಯವರು ಎಡಕ್ಕೆ, ಅಮ್ಮನ ಕಡೆಯವರು ಬಲಕ್ಕೆ. ಪ್ರತಿಯೊಬ್ಬರ ಕೆಳಗೆ ನಾಲ್ಕು ವಿಷಯ: ಹುಟ್ಟಿದ ವರ್ಷ, ಕಾಯಿಲೆ, ಅದು ಗೊತ್ತಾದ ವಯಸ್ಸು, ತೀರಿಕೊಂಡಿದ್ದರೆ ಆ ವಯಸ್ಸು ಮತ್ತು ಕಾರಣ. ಬೀಡಿ-ಸಿಗರೇಟು, ಕುಡಿತ, ಹೊಗೆಸೊಪ್ಪು ಇದ್ದಿದ್ದರೆ ಅದನ್ನೂ ಸೇರಿಸಿ. ಶ್ವಾಸಕೋಶದ ಕ್ಯಾನ್ಸರ್ ಬಂದ ತಾತ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರೆ ಅದನ್ನು ಓದುವ ರೀತಿಯೇ ಬೇರೆ.

ರಕ್ತಸಂಬಂಧದಲ್ಲಿ ಮದುವೆಯಾದವರ ನಡುವೆ ಒಂದು ಗೆರೆಯ ಬದಲು ಜೋಡಿ ಗೆರೆ ಹಾಕುತ್ತಾರೆ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದು, ಅತ್ತೆಯ ಮಗ, ಮಾವನ ಮಗಳು ಅಂತ ಸಂಬಂಧ ಬೆಳೆಸುವುದು ಹೊಸದೇನಲ್ಲ. ಇಂಥ ಮನೆಗಳಲ್ಲಿ ಒಬ್ಬರೇ ಎರಡು ಜಾಗದಲ್ಲಿ ಬರುತ್ತಾರೆ. ನಿಮ್ಮ ಅಮ್ಮ ತಮ್ಮ ಸ್ವಂತ ಸೋದರಮಾವನನ್ನೇ ಮದುವೆಯಾಗಿದ್ದರೆ, ಅಪ್ಪನ ತಾಯಿ ಅಮ್ಮನಿಗೆ ಅಜ್ಜಿಯೂ ಆಗುತ್ತಾರೆ. ಅವರನ್ನು ಎರಡು ಸಲ ಬರೆಯಬೇಡಿ. ಒಂದೇ ವೃತ್ತ ಹಾಕಿ, ಅಲ್ಲಿಂದ ಎರಡೂ ಕಡೆಗೆ ಗೆರೆ ಎಳೆಯಿರಿ. ಚಿತ್ರ ಸ್ವಲ್ಪ ಗಜಿಬಿಜಿ ಆಗುತ್ತದೆ, ಆಗಲಿ. ಆ ಗಜಿಬಿಜಿಯಲ್ಲೇ ಡಾಕ್ಟರಿಗೆ ಬೇಕಾದ ವಿಷಯ ಇರುತ್ತದೆ.

ಹಿರಿಯರನ್ನು ಕೇಳುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು. ಮುಂದಕ್ಕೆ ಹಾಕಬಾರದ ಭಾಗವೂ ಇದೇ. ನೆನಪಿರುವವರು ಹೋದರೆ ಮಾಹಿತಿಯೂ ಹೋಯಿತು. ಬೆಂಗಳೂರಿನಲ್ಲಿ ಇರುವ ನಮ್ಮಲ್ಲಿ ಬಹಳಷ್ಟು ಜನರ ಹಿರಿಯರು ಮಂಡ್ಯದಲ್ಲೋ ಕೋಲಾರದಲ್ಲೋ ಧಾರವಾಡದಲ್ಲೋ ಇದ್ದಾರೆ. ಗೌರಿ-ಗಣೇಶ, ಯುಗಾದಿ, ಪಿತೃಪಕ್ಷ, ನಾಮಕರಣ ಅಂತ ಊರಿಗೆ ಹೋಗುತ್ತೇವೆ. ಆ ಸಮಯ ಬಳಸಿಕೊಳ್ಳಿ. ಆದರೆ ಮದುವೆ ಮನೆಯಲ್ಲಿ, ಎಲ್ಲರ ಮುಂದೆ ಕೇಳಬೇಡಿ. ಮಧ್ಯಾಹ್ನ ಊಟ ಆದ ಮೇಲೆ, ಒಬ್ಬರೇ ಇದ್ದಾಗ ಕೇಳಿ.

"ನಮ್ಮ ವಂಶದಲ್ಲಿ ಯಾವ ರೋಗ ಇದೆ?" ಅಂತ ಶುರು ಮಾಡಿದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. "ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ" ಅನ್ನುವ ಉತ್ತರ ತಕ್ಷಣ ಬರುತ್ತದೆ. ಅದರ ಬದಲು ಜೀವನದ ಕಥೆ ಕೇಳಿ. "ಅಜ್ಜಿ, ತಾತ ಕೊನೆಗಾಲದಲ್ಲಿ ಹೇಗಿದ್ರು? ಎಷ್ಟು ದಿನ ಮಲಗಿದ್ದರು? ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಿ?" ಯಾಕೆ ಕೇಳುತ್ತಿದ್ದೀರಿ ಅಂತಲೂ ಹೇಳಿ: "ಮಕ್ಕಳಿಗೆ ಮೊದಲೇ ಚೆಕಪ್ ಮಾಡಿಸೋಣ ಅಂತ ಬರೆದಿಡ್ತಾ ಇದೀನಿ." ಮೊಮ್ಮಕ್ಕಳ ಹೆಸರು ಬಂದರೆ ಮಾತಾಡದ ಹಿರಿಯರು ಕಡಿಮೆ.

ವಯಸ್ಸು ಕೇಳಿದರೆ "ಯಾರಿಗ್ಗೊತ್ತಪ್ಪಾ" ಅನ್ನುತ್ತಾರೆ. ತಿಥಿ ನೆನಪಿರುತ್ತದೆ, ಇಸವಿ ನೆನಪಿರುವುದಿಲ್ಲ. ಆಗ ಎಲ್ಲರಿಗೂ ಗೊತ್ತಿರುವ ಘಟನೆ ಹಿಡಿದು ಕೇಳಿ. ಇಂದಿರಾ ಗಾಂಧಿ ಹತ್ಯೆಗೆ ಮೊದಲೋ ಆಮೇಲೋ, ಅಂದರೆ 1984. ಕಾವೇರಿ ಗಲಾಟೆಯ ಹೊತ್ತಿಗಾ, ಅಂದರೆ 1991. ರಾಜ್‌ಕುಮಾರ್ ಅಪಹರಣದ ಕಾಲಕ್ಕೆ ಬದುಕಿದ್ದರಾ, ಅಂದರೆ 2000. "ಆಗ ನಿಮ್ಮ ಕೊನೆ ಮಗಳಿಗೆ ಮದುವೆ ಆಗಿತ್ತಾ?" ಅನ್ನುವ ಪ್ರಶ್ನೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಐದು ವರ್ಷ ಆಚೀಚೆ ಆದರೂ ಪರವಾಗಿಲ್ಲ. "ಸುಮಾರು 45" ಅಂತ ಬರೆಯಿರಿ.

ಹಿರಿಯರು ರೋಗದ ಹೆಸರು ಹೇಳುವುದು ಕಡಿಮೆ, ಕಂಡದ್ದನ್ನು ಹೇಳುತ್ತಾರೆ. ಅದನ್ನು ಹಾಗೇ ಅವರ ಮಾತಿನಲ್ಲೇ ಬರೆದುಕೊಳ್ಳಿ. "ಕಾಲು ಕೊಳೆತು ತೆಗೆದ್ರು" ಅಂದರೆ ಸಕ್ಕರೆ ಕಾಯಿಲೆ ಇದ್ದಿರಬಹುದು. "ಲಕ್ವ ಹೊಡೀತು" ಅಂದರೆ ಸ್ಟ್ರೋಕ್, ಅದರ ಹಿಂದೆ ಬಿಪಿ ಇದ್ದಿರಬಹುದು. "ಎದೆ ಉರಿ, ಗ್ಯಾಸು ಅಂತ ಮಲಗಿದೋರು ಏಳಲಿಲ್ಲ" ಅನ್ನುವುದು ಬಹಳ ಸಲ ಹೃದಯಾಘಾತ. "ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು" ಅಂದರೆ ಲಿವರ್, ಹೃದಯ, ಕಿಡ್ನಿ, ಹೆಂಗಸರಾದರೆ ಅಂಡಾಶಯದ ಕ್ಯಾನ್ಸರ್, ಯಾವುದೂ ಇರಬಹುದು. "ಗರ್ಭಕೋಶ ತೆಗೆಸಿದ್ರು" ಅಂದರೆ ಯಾಕೆ ತೆಗೆಸಿದರು ಅಂತ ಕೇಳಲೇಬೇಕು. ಗೆಡ್ಡೆಯಾ, ರಕ್ತಸ್ರಾವವಾ, ಕ್ಯಾನ್ಸರಾ? ನೀವೇ ರೋಗದ ಹೆಸರು ತೀರ್ಮಾನಿಸಬೇಡಿ. ಅಂದಾಜಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: "ಆಪರೇಷನ್ ಆದ ಮೇಲೆ ಯಾರಿಗಾದ್ರೂ ಉಸಿರಾಟ ಬೇಗ ವಾಪಸ್ ಬರದೆ ತೊಂದರೆ ಆಗಿತ್ತಾ?" ಅರಿವಳಿಕೆಯ ಹೊತ್ತಿಗೆ ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲ ಮಾಡುತ್ತದೆ. ಅದನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರು ಗಂಟೆಗಟ್ಟಲೆ ತಾವಾಗಿ ಉಸಿರಾಡಲಾಗದೆ ವೆಂಟಿಲೇಟರ್ ಮೇಲೆ ಇರಬೇಕಾಗುತ್ತದೆ. ಆರ್ಯವೈಶ್ಯ ಕುಟುಂಬಗಳಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಕಂಡುಬರುತ್ತದೆ ಅಂತ ವೈದ್ಯರಿಗೆ ಚೆನ್ನಾಗಿ ಗೊತ್ತು. ಮೊದಲೇ ಹೇಳಿದರೆ ಅರಿವಳಿಕೆ ಡಾಕ್ಟರ್ ಬೇರೆ ಔಷಧ ಬಳಸುತ್ತಾರೆ, ಅಷ್ಟೇ. ಒಂದು ಮಾತು ಇಷ್ಟು ದೊಡ್ಡ ಅಪಾಯ ತಪ್ಪಿಸುತ್ತದೆ.

ಮಾನಸಿಕ ಕಾಯಿಲೆ, ಆತ್ಮಹತ್ಯೆ, ಮೂರ್ಛೆ ರೋಗ: ಇವನ್ನು ಮನೆಗಳು ಮುಚ್ಚಿಡುತ್ತವೆ, ಮುಖ್ಯವಾಗಿ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತದೆ ಅನ್ನುವ ಭಯಕ್ಕೆ. ಆ ಭಯವನ್ನು ತಳ್ಳಿಹಾಕಬೇಡಿ, ಮಾತನ್ನು ಗುಟ್ಟಾಗಿ ಇಡುತ್ತೇನೆ ಅಂತ ಹೇಳಿ, ಹಾಗೇ ಇಡಿ. ಒಂದು ಲೆಕ್ಕ ಅವರಿಗೆ ಸಮಾಧಾನ ಕೊಡಬಹುದು. ಅಪ್ಪ ಅಥವಾ ಅಮ್ಮನಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ ಸುಮಾರು 10. ಉಳಿದ 90 ಮಕ್ಕಳಿಗೆ ಬರುವುದಿಲ್ಲ. ಇಂಥ ವಿಷಯ ಮಾತಾಡಿ ಮನಸ್ಸು ಕಲಕಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾಗದ ಪತ್ರ

ಮಾತಿನಲ್ಲಿ ಸಿಕ್ಕಿದ್ದನ್ನು ಕಾಗದದಲ್ಲಿ ನೋಡಿ. ಬೀರುವಿನ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಆಂಜಿಯೋಗ್ರಾಂ ಸಿಡಿ ಇದ್ದೇ ಇರುತ್ತವೆ. ತಿಥಿ ಕಳೆದ ಮೇಲೆ ಇವನ್ನು ಎಸೆದುಬಿಡುವ ಮನೆಗಳಿವೆ, ದಯವಿಟ್ಟು ಎಸೆಯಬೇಡಿ. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ, ಆಸ್ಪತ್ರೆ ಕೊಟ್ಟ ಡೆತ್ ಸಮ್ಮರಿಯಲ್ಲಿ ಇರುತ್ತದೆ. ಕ್ಯಾನ್ಸರ್ ಆಗಿದ್ದರೆ ಬಯಾಪ್ಸಿ ರಿಪೋರ್ಟೇ ಎಲ್ಲಕ್ಕಿಂತ ಬೆಲೆಬಾಳುವ ಕಾಗದ. ಲಿವರ್ ಕ್ಯಾನ್ಸರ್ ಅಂತ ಮನೆಯವರು ಹೇಳುವುದು ಬಹಳ ಸಲ ಕರುಳಿನಿಂದಲೋ ಸ್ತನದಿಂದಲೋ ಲಿವರಿಗೆ ಹರಡಿದ್ದಾಗಿರುತ್ತದೆ. ಎಲ್ಲಿ ಶುರುವಾಯಿತು ಅನ್ನುವುದೇ ಬೇಕಾದ ಮಾಹಿತಿ.

ಹಾಳೆಯನ್ನು ಓದುವುದು

ಒಬ್ಬರಿಗೋ ಇಬ್ಬರಿಗೋ ವಯಸ್ಸಾದ ಮೇಲೆ ಬಂದ ಕಾಯಿಲೆ ನೋಡಿ ಹೆದರಬೇಡಿ. ಗಮನ ಕೊಡಬೇಕಾದದ್ದು ಬೇರೆ. ಸಾಮಾನ್ಯಕ್ಕಿಂತ ಚಿಕ್ಕ ವಯಸ್ಸಿಗೆ ಬಂದದ್ದು. ಒಂದೇ ಕಡೆಯ ಹಲವರಿಗೆ ಬಂದದ್ದು. ಒಬ್ಬರಿಗೇ ಎರಡು ಬೇರೆ ಬೇರೆ ಕ್ಯಾನ್ಸರ್ ಆದದ್ದು. ಗಂಡಸಿಗೆ ಸ್ತನ ಕ್ಯಾನ್ಸರ್ ಬಂದದ್ದು. ಚಿಕ್ಕ ವಯಸ್ಸಿನಲ್ಲಿ ಕಾರಣ ಗೊತ್ತಿಲ್ಲದ ಹಠಾತ್ ಸಾವು.

ಕಾಯಿಲೆ ಸಾಗುವ ದಾರಿಯೂ ಸುಳಿವು ಕೊಡುತ್ತದೆ. ಪ್ರತಿ ತಲೆಮಾರಿನಲ್ಲೂ ಕಾಣಿಸಿಕೊಂಡರೆ, ಅದು ಅಪ್ಪ ಅಥವಾ ಅಮ್ಮನ ಒಂದೇ ಜೀನಿನಿಂದ ಬರುವಂಥದ್ದಿರಬಹುದು. ಆಗ ಪ್ರತಿ ಮಗುವಿಗೂ ಆ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಕಿಡ್ನಿ ತುಂಬ ನೀರುಗುಳ್ಳೆ ಬರುವ ಕಾಯಿಲೆ ಹೆಚ್ಚಾಗಿ ಹೀಗೆ ಬರುತ್ತದೆ. ತಾಯಿಯ ಅಣ್ಣ-ತಮ್ಮಂದಿರಿಗೆ ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ ಇದ್ದರೆ, ತಾಯಿ ಆರೋಗ್ಯವಾಗಿದ್ದೂ ಅದನ್ನು ಮಗನಿಗೆ ದಾಟಿಸಬಹುದು. ಅಪ್ಪ-ಅಮ್ಮ ಇಬ್ಬರೂ ಚೆನ್ನಾಗಿದ್ದು ಒಂದೇ ಮನೆಯ ಇಬ್ಬರು ಮಕ್ಕಳಿಗೆ ಕಾಯಿಲೆ ಬಂದಿದ್ದರೆ, ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಇಟ್ಟುಕೊಂಡ ವಾಹಕರಾಗಿರಬಹುದು.

ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ವಿಷಯದಲ್ಲಿ ಅಮ್ಮನ ಕಡೆ ಮಾತ್ರ ನೋಡುವ ಅಭ್ಯಾಸ ಇದೆ. ಇದು ದೊಡ್ಡ ತಪ್ಪು. ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷ ಅಪ್ಪನಿಂದಲೂ ಅಷ್ಟೇ ಬರುತ್ತದೆ. ಅಪ್ಪನ ತಾಯಿ, ಅಪ್ಪನ ಅಕ್ಕ-ತಂಗಿಯರ ಸಾಲನ್ನು ಎರಡು ಸಲ ನೋಡಿ. ಹಾಗಂತ ಎಲ್ಲ ಕ್ಯಾನ್ಸರೂ ಮನೆತನದ್ದಲ್ಲ. ಒಟ್ಟು ಕ್ಯಾನ್ಸರ್‌ಗಳಲ್ಲಿ ಹುಟ್ಟಿನಿಂದ ಬಂದ ಜೀನ್ ದೋಷದವು 100ಕ್ಕೆ 5ರಿಂದ 10 ಮಾತ್ರ.

ಈಗ ಏನು ಮಾಡಬೇಕು

ಹೃದಯ: ಅಪ್ಪ ಅಥವಾ ಅಣ್ಣ-ತಮ್ಮನಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕ-ತಂಗಿಗೆ 65ರ ಒಳಗೆ ಹೃದಯಾಘಾತ ಆಗಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಇಸಿಜಿ ಜೊತೆಗೆ ಲಿಪಿಡ್ ಪ್ರೊಫೈಲ್, ಬಿಪಿ, ಶುಗರ್ ಮಾಡಿಸಿ. ಲೈಪೋಪ್ರೋಟೀನ್-ಎ ಎಂಬ ರಕ್ತ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಅದು ಬಹುಪಾಲು ಜೀನಿನಿಂದಲೇ ತೀರ್ಮಾನವಾಗುವುದರಿಂದ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ 190 ದಾಟಿದ್ದರೆ, ಅದು ಮನೆತನದಿಂದ ಬರುವ ಬಗೆಯೇ ಅಂತ ನೋಡಬೇಕು. ಸುಮಾರು 250 ಜನರಲ್ಲಿ ಒಬ್ಬರಿಗೆ ಅದು ಇರುತ್ತದೆ, ಬರೀ ಪಥ್ಯದಿಂದ ಇಳಿಯುವುದಿಲ್ಲ, ಮಾತ್ರೆ ಬೇಕು. ಮಕ್ಕಳಿಗೂ ಪರೀಕ್ಷೆ ಬೇಕು.

ಸಕ್ಕರೆ ಕಾಯಿಲೆ: ಅಪ್ಪ-ಅಮ್ಮರಲ್ಲಿ ಒಬ್ಬರಿಗೆ ಟೈಪ್ 2 ಇದ್ದರೆ ಮಗುವಿಗೆ ಜೀವನದಲ್ಲಿ ಬರುವ ಸಾಧ್ಯತೆ ಸುಮಾರು 40%, ಇಬ್ಬರಿಗೂ ಇದ್ದರೆ ಸುಮಾರು 70% ಅಂತ ಲೆಕ್ಕ ಹಾಕಿದ್ದಾರೆ. ಆದರೂ ಇದು ಹಣೆಬರಹ ಅಲ್ಲ. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನದಲ್ಲಿ, ಗಡಿಯಲ್ಲಿದ್ದವರು ಊಟ ಮತ್ತು ನಡಿಗೆ ಬದಲಾಯಿಸಿಕೊಂಡಾಗ ಮೂರು ವರ್ಷದಲ್ಲಿ ಕಾಯಿಲೆಗೆ ಹೋಗುವ ಅಪಾಯ ಸುಮಾರು 28% ಕಡಿಮೆಯಾಯಿತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 5.7 ಮುಟ್ಟಿದರೆ ಗಡಿ, 6.5 ಮುಟ್ಟಿದರೆ ಕಾಯಿಲೆ. ಸೊಂಟದ ಸುತ್ತಳತೆ ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ನಿಮ್ಮ ಬಡಾವಣೆಯ ಸರ್ಕಾರಿ ನಮ್ಮ ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ಪುಕ್ಕಟೆಯಾಗಿ ನೋಡುತ್ತಾರೆ.

ಕ್ಯಾನ್ಸರ್: ಒಡಹುಟ್ಟಿದವರಿಗೋ ಅಪ್ಪ-ಅಮ್ಮನಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ನಿಮ್ಮ ತಪಾಸಣೆ 40ಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರುವಾಗಬೇಕು. ಸ್ತನ ಕ್ಯಾನ್ಸರಿಗೂ 10 ವರ್ಷ ಮೊದಲು ಅನ್ನುವ ಲೆಕ್ಕವೇ, ಆದರೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಸಾಮಾನ್ಯವಾಗಿ 30ಕ್ಕಿಂತ ಮೊದಲು ಮಾಡುವುದಿಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಗೆ ಹೋಗುವಾಗ ನಿಮ್ಮ ಹಾಳೆಯನ್ನೂ ಹಳೆಯ ಬಯಾಪ್ಸಿ ರಿಪೋರ್ಟನ್ನೂ ಒಯ್ಯಿರಿ.

ಕಣ್ಣಿನ ಗ್ಲಾಕೋಮಾ ಇದ್ದ ಮನೆಯವರು 40ರ ನಂತರ ಕಣ್ಣಿನ ಒತ್ತಡ ಮತ್ತು ನರ ನೋಡಿಸುತ್ತಿರಿ. ಅದು ನೋವಿಲ್ಲದೆ ದೃಷ್ಟಿ ತಿನ್ನುತ್ತದೆ. ನರಗಳ, ಸ್ನಾಯುಗಳ ಕಾಯಿಲೆಗೆ ನಿಮ್ಹಾನ್ಸ್ ಇದೆ.

ಮದುವೆ ಮತ್ತು ಬಸಿರಿಗೆ ಮೊದಲು

ಸಂಬಂಧದಲ್ಲಿ ಮದುವೆಯಾದವರನ್ನು ಹೆದರಿಸುವ ಮಾತು ಸಾಕಷ್ಟಿದೆ, ನಿಜವಾದ ಲೆಕ್ಕ ಹೇಳುವವರು ಕಡಿಮೆ. ಯಾವ ದಂಪತಿಗೇ ಆಗಲಿ, ಮಗುವಿಗೆ ಹುಟ್ಟಿನಿಂದ ಗಂಭೀರ ತೊಂದರೆ ಇರುವ ಸಾಧ್ಯತೆ 100ಕ್ಕೆ 2ರಿಂದ 3. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅದು ಸುಮಾರು ಎರಡರಷ್ಟಾಗುತ್ತದೆ. ಸೋದರಮಾವನ ಜೊತೆಯ ಮದುವೆಯಲ್ಲಿ ಹಂಚಿಕೊಂಡ ಜೀನ್ ಇನ್ನೂ ಜಾಸ್ತಿ, ಅಪಾಯವೂ ಜಾಸ್ತಿ. ಅಂದರೆ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮನೆಯಲ್ಲಿ ಈಗಾಗಲೇ ಕಿವುಡುತನ, ಬುದ್ಧಿ ಬೆಳವಣಿಗೆ ಕುಂಠಿತ, ಇರುಳುಗಣ್ಣು, ಚಿಕ್ಕಂದಿನಲ್ಲೇ ಹೋದ ಮಕ್ಕಳು ಇದ್ದರೆ ಸಂಬಂಧ ಬೆಳೆಸುವ ಮೊದಲು ಜೆನೆಟಿಕ್ ಕೌನ್ಸೆಲರನ್ನು, ಅಂದರೆ ಮನೆತನದಿಂದ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರನ್ನು ನೋಡಿ. ಇದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಇಂಥವು ಹೆಚ್ಚಾಗಿ ಇಬ್ಬರಿಂದಲೂ ಬರುತ್ತವೆ.

ಅಪ್ಪ-ಅಮ್ಮನಿಂದ ಬರುವ ರಕ್ತದ ಕಾಯಿಲೆಯಾದ ಥಲಸ್ಸೀಮಿಯಾದ ಪರೀಕ್ಷೆಯನ್ನು ಮದುವೆಗೆ ಮೊದಲು ಅಥವಾ ಬಸಿರಿನ ಮೊದಲ ತಿಂಗಳುಗಳಲ್ಲಿ ಎಲ್ಲರೂ ಮಾಡಿಸುವುದು ಒಳ್ಳೆಯದು. ಭಾರತದಲ್ಲಿ 100ಕ್ಕೆ 3ರಿಂದ 4 ಜನ ವಾಹಕರು. ಅವರಿಗೆ ತೊಂದರೆಯೇ ಕಾಣುವುದಿಲ್ಲ, ರಕ್ತ ಸ್ವಲ್ಪ ಕಡಿಮೆ ಅಂತ ಸುಮ್ನೆ ಐರನ್ ಮಾತ್ರೆ ನುಂಗುತ್ತಿರುತ್ತಾರೆ. ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಗಂಡ-ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ" ಅನ್ನುವುದು ತಪ್ಪು ಲೆಕ್ಕ. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದೇ.

ಒಂದು ಮಗುವಿಗೆ ಇಂಥ ಕಾಯಿಲೆ ಇದ್ದರೆ, ಮುಂದಿನ ಬಸಿರಿಗೆ ಮೊದಲೇ ಆ ಮಗುವಿನ ಜೀನ್ ದೋಷ ಪತ್ತೆ ಮಾಡಿಸಿಟ್ಟುಕೊಳ್ಳಿ. ಗರ್ಭದಲ್ಲಿ ಪರೀಕ್ಷೆ ಮಾಡುವುದು ಸುಮಾರು 11ರಿಂದ 14 ವಾರದಲ್ಲಿ, ಇಲ್ಲವೇ 15 ವಾರದ ನಂತರ ಗರ್ಭದ ನೀರು ತೆಗೆದು. ಏನು ಹುಡುಕಬೇಕು ಅಂತಲೇ ಗೊತ್ತಿಲ್ಲದಿದ್ದರೆ ಆ ಸಮಯ ಸಾಲುವುದಿಲ್ಲ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಇಂಥ ಪರೀಕ್ಷೆಯನ್ನು ನೋಂದಾಯಿತ ಕೇಂದ್ರಗಳಲ್ಲಿ ಮಾಡಲು ಬಿಡುತ್ತದೆ. ಲಿಂಗ ಹೇಳುವುದು ಮಾತ್ರ ಅಪರಾಧ.

ಜೀನ್ ಪರೀಕ್ಷೆ

ಮನೆಗೇ ಬರುವ ಉಗುಳಿನ ಕಿಟ್ ತರಿಸುವ ಮೊದಲು ನಿಲ್ಲಿ. ಮೊದಲು ಕೌನ್ಸೆಲಿಂಗ್, ಆಮೇಲೆ ಪರೀಕ್ಷೆ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಇಂಥ ಕಡೆ ಈ ವಿಷಯ ತಿಳಿದವರಿದ್ದಾರೆ. ಸಾಧ್ಯವಾದರೆ ಕಾಯಿಲೆ ಬಂದವರಿಗೇ ಮೊದಲು ಪರೀಕ್ಷೆ ಆಗಬೇಕು. ಅವರಲ್ಲಿ ದೋಷ ಸಿಕ್ಕಿದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಆಯಿತು. ಆರೋಗ್ಯವಾಗಿರುವ ಮಗಳಿಗೆ ಮಾತ್ರ ಮಾಡಿಸಿ "ಏನೂ ಇಲ್ಲ" ಅಂತ ಬಂದರೆ, ಅದು ನಿಜವಾದ ಸಮಾಧಾನ ಅಂತ ಹೇಳಲಾಗುವುದಿಲ್ಲ.

ರಿಪೋರ್ಟಿನಲ್ಲಿ ದೋಷ ಇದೆ, ಇಲ್ಲ ಅನ್ನುವುದರ ನಡುವೆ "ಅರ್ಥ ಇನ್ನೂ ಗೊತ್ತಿಲ್ಲ" ಅನ್ನುವ ಮೂರನೆಯ ಉತ್ತರವೂ ಬರುತ್ತದೆ. ಅದನ್ನು ನೋಡಿ ಯಾರೂ ಆಪರೇಷನ್ ಮಾಡಿಸಿಕೊಳ್ಳಬಾರದು. ಜಗತ್ತಿನ ಜೀನ್ ಮಾಹಿತಿಯಲ್ಲಿ ಭಾರತೀಯರ ಪಾಲು ಕಡಿಮೆ ಇರುವುದರಿಂದ ನಮಗೆ ಈ ಉತ್ತರ ಜಾಸ್ತಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳುತನದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ (ಪೂರ್ತಿ ಡಿಎನ್‌ಎ) ಓದುವ ಗುರಿ ಇಟ್ಟುಕೊಂಡಿತ್ತು. ಅದರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿದೆ. ಹಾಗಾಗಿ ಅರ್ಥವಾಗದ ರಿಪೋರ್ಟನ್ನು ಕೆಲವು ವರ್ಷದ ನಂತರ ಮತ್ತೆ ಓದಿಸಿ.

ವಿಮೆ, ಗುಟ್ಟು, ಹಂಚಿಕೆ

ವಿಮೆಯ ಅರ್ಜಿಯಲ್ಲಿ ಮನೆಯವರ ಕಾಯಿಲೆ ಕೇಳಿದ್ದರೆ ನಿಜವನ್ನೇ ಬರೆಯಿರಿ. ಅಪ್ಪನಿಗೆ ಹೃದ್ರೋಗ ಇರುವುದು ನಿಮಗೆ ಮೊದಲೇ ಇದ್ದ ಕಾಯಿಲೆ ಆಗುವುದಿಲ್ಲ. ಜೆನೆಟಿಕ್ ಕಾಯಿಲೆ ಅನ್ನುವ ಒಂದೇ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ.

ಹಾಳೆಯ ಫೋಟೋವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಬದುಕಿರುವವರ ಗುಟ್ಟಿದೆ. ಒಡಹುಟ್ಟಿದವರಿಗೆ ಒಬ್ಬೊಬ್ಬರಿಗೇ ಕೊಡಿ, ಮಕ್ಕಳಿಗೆ 18 ಆದಾಗ ಕೂರಿಸಿಕೊಂಡು ವಿವರಿಸಿ. ಮನೆಯಲ್ಲಿ ಯಾರಿಗೇ ಹೊಸ ಕಾಯಿಲೆ ಗೊತ್ತಾದರೂ ಅವರ ವಯಸ್ಸಿನ ಜೊತೆ ಅದೇ ವಾರ ಸೇರಿಸಿ.

ನಿಮ್ಮಲ್ಲಿ ಜೀನ್ ದೋಷ ಸಿಕ್ಕರೆ ದೊಡ್ಡಪ್ಪ, ಸೋದರತ್ತೆಯ ಮಕ್ಕಳಿಗೂ ತಿಳಿಸಬೇಕು. ಎಷ್ಟೇ ಮುನಿಸಿದ್ದರೂ ತಿಳಿಸಿ. ಹೇಗೆ ಹೇಳುವುದು ಅಂತ ಗೊತ್ತಾಗದಿದ್ದರೆ, ಸಂಬಂಧಿಕರಿಗೆ ಕೊಡಲು ಒಂದು ಪತ್ರ ಬರೆದುಕೊಡಿ ಅಂತ ಕೌನ್ಸೆಲರನ್ನು ಕೇಳಿ. ಪತ್ರದ ಜೊತೆ ನಿಮ್ಮ ರಿಪೋರ್ಟಿನ ಪ್ರತಿಯೂ ಇರಲಿ. ಯಾವ ಜೀನಿನಲ್ಲಿ ಯಾವ ಬದಲಾವಣೆ ಅಂತ ಮೊದಲೇ ಗೊತ್ತಿದ್ದರೆ ಅವರ ಪರೀಕ್ಷೆ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ.